ನೆಟ್ ಬಂದ್ರೆ ಸಾಲದು ತಮ್ಮಾ

"ಹೊಸ ಲಿನಕ್ಸ್ ಕರ್ನಲ್ ಹಾಕ್ದೆ ಅಣ್ಣ, ನೆಟ್ ಬರ್ತಿದೆ, ಎಲ್ಲಾ ಸರಿಯಾಗಿದೆ" ಅಂದ್ಯಲ್ಲ, ಆ ಮಾತೇ ನನಗೆ ಭಯ. ಇಲ್ಲಿ ಬಾ, ಬೇಲಿ ಹತ್ರ.

ಫೈರ್‌ವಾಲ್‌ಗೆ ಎರಡು ಭಾಗ ಕಣಪ್ಪ. ನೀನು ಟೈಪ್ ಮಾಡೋ ಐಪಿಟೇಬಲ್ಸ್ ಬರೀ ನಿಯಮ ಒಪ್ಪಿಸೋ ಸಾಧನ. ಪ್ಯಾಕೆಟ್ ತಡೆಯೋದು ಕರ್ನಲ್ ಒಳಗಿರೋ ನೆಟ್‌ಫಿಲ್ಟರ್. ಕಂಪೈಲ್ ಮಾಡುವಾಗ ಅದರ ಒಂದು ಆಯ್ಕೆ ಬಿಟ್ಟೆ ಅಂದ್ಕೋ. ಬೂಟ್ ಆಗ್ತಿದ್ದಂಗೆ ನಿಯಮದ ಫೈಲು ಓದ್ತಾ, ಕರ್ನಲ್‌ಗೆ ಗೊತ್ತಿಲ್ಲದ ಒಂದು ಸಾಲು ಸಿಕ್ತು. ಆ ಒಂದು ಸಾಲಿಗಾಗಿ ಆ ಟೇಬಲ್ಲಿನ ಅಷ್ಟೂ ನಿಯಮ ಬಿದ್ದುಹೋಗುತ್ತೆ. ಫೈಲಲ್ಲಿ ನ್ಯಾಟ್ ಟೇಬಲ್ ಮೊದಲಿದ್ರೆ ಅದು ಆಗಲೇ ಕೂತಿರುತ್ತೆ, ಹಂಗಾಗಿ ನಿನ್ನ ಶೆಡ್ಡಿಗೆಲ್ಲಾ ನೆಟ್ ಬರುತ್ತೆ. ಫಿಲ್ಟರ್ ಟೇಬಲ್ ಮಾತ್ರ ಖಾಲಿ. ಖಾಲಿ ಇದ್ದಾಗ ಅದರ ರೂಢಿ ಏನು? ಬಂದದ್ದನ್ನೆಲ್ಲಾ ಒಳಗೆ ಬಿಡೋದು. ನಮ್ಮ ಕುಡುಮಲಕುಂಟೆಯಲ್ಲಿ ರಾತ್ರಿ ಕರೆಂಟ್ ಹೋಗಿ ಬಂದು ಮಿಷನ್ ತಾನಾಗೇ ಎದ್ರೆ, ಲಾಗಲ್ಲಿ ಬಿದ್ದ ಆ ಒಂದು ದೂರನ್ನ ಯಾರು ನೋಡ್ತಾರೆ?

ಕರ್ನಲ್ ಬದಲಾದಾಗ ನಿಯಮದ ಸಾಧನವೂ ಬದಲಾಗೋದು ಹಳೇ ಕಾಟ. 1999ರ 2.2 ಕರ್ನಲ್ಲಿಗೆ ಐಪಿಚೈನ್ಸ್, 2001ರ 2.4ಕ್ಕೆ ಐಪಿಟೇಬಲ್ಸ್, 2014ರ 3.13ರಲ್ಲಿ ಎನ್‌ಎಫ್‌ಟೇಬಲ್ಸ್. ಈಗ ಐಪಿಟೇಬಲ್ಸ್ ಅನ್ನೋ ಒಂದೇ ಹೆಸರಲ್ಲಿ ಎರಡು ಇವೆ, ಹಳೇ ಲೆಗಸಿ ಮತ್ತು ಎನ್‌ಎಫ್‌ಟಿ. ಒಂದರಲ್ಲಿ ಹಾಕಿದ ನಿಯಮ ಇನ್ನೊಂದರ ಪಟ್ಟಿಯಲ್ಲಿ ಕಾಣಲ್ಲ. ವರ್ಷನ್ ಕೇಳು, ಯಾವುದು ಅಂತ ಅದೇ ಹೇಳುತ್ತೆ. ನೀನು ಬಳಸೋದಕ್ಕೆ ಬೇಕಾದದ್ದು ನಿನ್ನ ಕರ್ನಲ್ಲಲ್ಲಿ ಇದೆಯಾ ನೋಡು. ದೇಶ ನೋಡಿ ತಡೆಯೋ ಜಿಯೋಐಪಿ ಬಳಸ್ತೀಯಲ್ಲ, ಅದು ಕರ್ನಲ್ ಜೊತೆ ಬರೋದೇ ಅಲ್ಲ. ಪ್ರತಿ ಹೊಸ ಕರ್ನಲ್ಲಿಗೂ ಆ ಮಾಡ್ಯೂಲನ್ನ ಮತ್ತೆ ಕಟ್ಟಬೇಕು.

ಮುಂದಿನ ಸಲ ಸೊನ್ನೆಯಿಂದ ಶುರು ಮಾಡ್ಬೇಡ. ಬೂಟ್ ಫೋಲ್ಡರಲ್ಲಿ ಹಳೇ ಕರ್ನಲ್ಲಿನ ಕಾನ್ಫಿಗ್ ಇರುತ್ತೆ, ಅದನ್ನೇ ತಂದಿಟ್ಕೊಂಡು ಹೊಸದಾಗಿ ಕೇಳೋ ಪ್ರಶ್ನೆಗಳಿಗಷ್ಟೇ ಉತ್ತರ ಕೊಡು. ಗ್ರಬ್‌ನಿಂದ ಹಳೇ ಕರ್ನಲ್ ತೆಗೀಬೇಡ, ದಯವಿಟ್ಟು.

ಈಗ ಹೋಗಿ ನಿಯಮಗಳ ಪಟ್ಟಿ ತೆಗಿ, ಎಣಿಕೆ ಸಮೇತ. ಪ್ಯಾಕೆಟ್ ಎಣಿಕೆ ಏರ್ತಿದ್ರೆ ನಿಯಮ ಕೆಲ್ಸ ಮಾಡ್ತಿದೆ. ಅಷ್ಟಕ್ಕೇ ಬಿಡಬೇಡ. ಫೋನಿನ ಡೇಟಾ ಹಾಕ್ಕೊಂಡು ಹೊರಗಿಂದ ನಿನ್ನ ಪೋರ್ಟುಗಳನ್ನ ತಟ್ಟಿ ನೋಡು. ಮುಚ್ಚಿರ್ಬೇಕಾದ್ದು ತೆರೆದಿದ್ರೆ ತಕ್ಷಣ ಹಳೇ ಕರ್ನಲ್ಲಿಗೆ ಹೋಗು, ಕಾರಣ ಆಮೇಲೆ ಹುಡುಕೋಣ. ನಾನೂ ಬರ್ತೀನಿ, ನಡಿ.