ನೀರು ನೋಡಲಿಕ್ಕೂ ಒಣನಾಡೇ ಬೇಕು

ಪ್ರವಾಸ ಕಂಪನಿಗಳ ಕರಪತ್ರಗಳನ್ನು ಹರವಿಕೊಂಡು ಕೂತರೆ ಒಂದು ಸಂಗತಿ ಎದ್ದು ಕಾಣುತ್ತದೆ: ನೀರನ್ನು ತೋರಿಸಿ ದುಡ್ಡು ಮಾಡುವುದರಲ್ಲಿ ಮಳೆಯಿಲ್ಲದ ನಾಡಿನವರದೇ ಎತ್ತಿದ ಕೈ. ಈಜಿಪ್ಟಿನ ಲಕ್ಸರ್‌ನಲ್ಲಿ ನಾಲ್ಕು ಹನಿ ಬಿದ್ದರೆ ಅದೇ ಸುದ್ದಿ. ಆದರೂ ಅಲ್ಲಿಂದ ಆಸ್ವಾನ್‌ವರೆಗೆ ನೈಲ್ ನದಿಯ ಮೇಲೆ ಹಡಗಿನಲ್ಲಿ ತೇಲಿ ಹೋಗಲು ಲೋಕವೆಲ್ಲ ನುಗ್ಗುತ್ತದೆ; ತೇಲಿ ಸಾಕಾದವರು ಕೆಂಪು ಸಮುದ್ರದ ಹುರ್ಗಾದಾಕ್ಕೆ ಹೋಗಿ ಮುಳುಗುತ್ತಾರೆ. ಇದರಿಂದ ನಾನು ತೆಗೆಯುವ ತೀರ್ಮಾನ ಸರಳ. ನೀರನ್ನು ಬಳಸುವ ವಿದ್ಯೆ ಎಲ್ಲರಿಗೂ ಗೊತ್ತು, ನೋಡುವ ವಿದ್ಯೆ ಮಾತ್ರ ಒಣನಾಡಿನದು. ಹಾಗಿದ್ದ ಮೇಲೆ ನಮ್ಮ ಒಣನಾಡಾದ ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆ ಏರಿಗೂ ಆ ಕರಪತ್ರಗಳಲ್ಲಿ ಒಂದು ಪುಟ ಸಲ್ಲಬೇಕು.

ಭೂಗೋಳವೂ ನನ್ನ ಪಕ್ಷವನ್ನೇ ಹಿಡಿದಿದೆ. ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿಯುವ ನದಿ ಒಂದೂ ಬಂದು ಸೇರುವುದಿಲ್ಲ. ನದಿ ಇಲ್ಲದ್ದರಿಂದ ಕೆಸರು ಕಡಿಮೆ, ಕೆಸರು ಕಡಿಮೆಯಾದ್ದರಿಂದ ಆಳದ ಹವಳವೂ ಮೀನೂ ನಿಚ್ಚಳ. ನಮ್ಮ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದಲ್ಲೂ ಸ್ಕೂಬಾ ಡೈವಿಂಗ್ ಉಂಟು, ಬಣ್ಣದ ಮೀನಿಗೂ ಬರವಿಲ್ಲ. ಆದರೆ ಮಳೆಗಾಲ ಬಂತೆಂದರೆ ಕಡಲು ಕೆರಳುತ್ತದೆ, ದೋಣಿಗಳು ದಡ ಸೇರುತ್ತವೆ, ಮುಳುಗುವವರು ಮನೆ ಸೇರುತ್ತಾರೆ. ನೀರು ಹೆಚ್ಚಾಗಿ ನೀರಿನ ಪ್ರವಾಸ ನಿಂತುಹೋಗುವುದೆಂದರೆ ಇದೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಡೆಸಿಕೊಳ್ಳುವ ಕರಾವಳಿಯವರಿಗೆ ನೀರೆಂದರೆ ಮಾಡಿನಿಂದ ಸೋರುವ ವಸ್ತು. ಆರುನೂರರ ಆಸುಪಾಸಿನಲ್ಲಿ ವರ್ಷ ದೂಡುವ ವಿಜಯಪುರದವರಿಗೆ ಅದೇ ನೀರು ದರ್ಶನದ ವಸ್ತು. ಆಲಮಟ್ಟಿಯ ಗೇಟು ತೆರೆದರೆಂಬ ಸುದ್ದಿ ಹಬ್ಬಿದ ಕೂಡಲೇ ಬುತ್ತಿ ಕಟ್ಟಿಕೊಂಡು ಹೊರಡುವವರು ಎಲ್ಲಿಯವರೆಂದು ಬೇರೆ ಹೇಳಬೇಕಿಲ್ಲ.

ಆದಿಲ್‌ಶಾಹಿಗಳು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ಸಿಂದಗಿ ದಾರಿಯ ಕುಮಟಗಿಯಲ್ಲಿ ಅವರು ಕಟ್ಟಿಸಿದ ಜಲವಿಹಾರವನ್ನು ಇಂದಿನ ಮಾತಿನಲ್ಲಿ ರೆಸಾರ್ಟ್ ಎನ್ನದೆ ವಿಧಿಯಿಲ್ಲ: ಪಕ್ಕದಲ್ಲಿ ಕೆರೆ, ನೀರೆತ್ತುವ ಗೋಪುರ, ಗೋಡೆಯೊಳಗೆ ಕೊಳವೆ, ಛಾವಣಿಯಿಂದ ಸುರಿಯುವ ಕಾರಂಜಿ. ಆಕಾಶ ಸುರಿಸದ ಮಳೆಯನ್ನು ಛಾವಣಿಯಿಂದ ಸುರಿಸಿಕೊಳ್ಳುವ ಯೋಚನೆ ಆಗುಂಬೆಯಲ್ಲಿ ಹುಟ್ಟಲು ಸಾಧ್ಯವೇ? ಮಮದಾಪುರದ ಕೆರೆ ಕಟ್ಟಿಸಿದವನು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾ. ಊರಿನ ಹೆಸರೂ ಅವನದೇ. ಗೋಲಗುಮ್ಮಟವೂ ಅವನದೇ. ತಾನು ಸತ್ತ ಮೇಲೆ ಮಲಗಲು ಕಟ್ಟಿಸಿಕೊಂಡದ್ದಕ್ಕೆ ಜನ ಟಿಕೀಟು ತೆಗೆದು ನುಗ್ಗುತ್ತಾರೆ. ರೈತರು ಬದುಕಲೆಂದು ಕಟ್ಟಿಸಿದ್ದನ್ನು ಪುಕ್ಕಟೆ ತೋರಿಸಿದರೂ ನೋಡುವವರಿಲ್ಲ.

ಆಕ್ಷೇಪಗಳಿಲ್ಲದಿಲ್ಲ. ಮಮದಾಪುರದ ಕೆರೆಯಲ್ಲಿ ಮುಳುಗಿದರೆ ಏನು ಕಂಡೀತು ಎಂದು ಕೇಳಬಹುದು. ಎರೆಮಣ್ಣಿನ ನಾಡಿನ ಕೆರೆ. ಮುಳುಗಿದವನಿಗೆ ಅವನ ಮೂಗೂ ಕಂಡೀತೆಂಬ ಭರವಸೆ ಕೊಡಲಾರೆ. ಅದಕ್ಕೇ ನಾನು ಏರಿಯ ಮಾತು ಎತ್ತಿದ್ದು, ತಳದ ಮಾತನ್ನಲ್ಲ. ಈಗ ಜಿಲ್ಲೆಯ ಕೆರೆಗಳು ತುಂಬುವುದು ಏತ ನೀರಾವರಿ ಎತ್ತಿ ತಂದ ಕೃಷ್ಣೆಯಿಂದ, ಅದು ಕಡ ತಂದ ನೀರು ಎಂಬುದು ಎರಡನೆಯ ಆಕ್ಷೇಪ. ಲಕ್ಸರ್‌ನ ನೈಲ್ ಮಾತ್ರ ಸ್ವಂತದ್ದೇ? ಅದು ಇಥಿಯೋಪಿಯದ ಗುಡ್ಡಗಳಿಂದಲೂ ವಿಕ್ಟೋರಿಯಾ ಸರೋವರದಿಂದಲೂ ಬಂದದ್ದು, ನಮ್ಮದು ಮಹಾಬಳೇಶ್ವರದಿಂದ. ಸಾಲ ಮಾಡಿ ಠೀವಿಯಿಂದ ಬದುಕುವುದು ಎರಡೂ ಕಡೆಯ ಸಂಪ್ರದಾಯ. ಮೂರನೆಯದು ಮಾತ್ರ ತೂಕದ್ದು: ನೀರನ್ನು ಇಷ್ಟೊಂದು ಕಣ್ಣಿಗೊತ್ತಿಕೊಳ್ಳುವ ಜನ ವಿಜಯಪುರದ 1620ರ ಬಾವಿ ತಾಜ್ ಬಾವಡಿಯಲ್ಲಿ ಕಸ ಹೂಳು ತುಂಬಲು ಹೇಗೆ ಬಿಟ್ಟರು? ಉತ್ತರ ನನ್ನ ವಾದದೊಳಗೇ ಇದೆ. ನಲ್ಲಿ ಬಂದ ಮೇಲೆ ಬಾವಡಿಯತ್ತ ನೋಡುವುದನ್ನು ಬಿಟ್ಟರು. ನೋಡುವುದು ಬಿಟ್ಟ ದಿನವೇ ಅದು ತಿಪ್ಪೆಯಾಯಿತು. ಮುಂದೆ ಹೂಳು ತೆಗೆಸುವಾಗ ನೀರಿಗಿಂತ ಮೊದಲು ಮೇಲೆ ಬಂದದ್ದು ನೋಡುವ ಜನ. ನೋಟವೆಂಬುದು ಖರ್ಚಿಲ್ಲದ ಕಾವಲು.

ಆದ್ದರಿಂದ ನೈಲ್ ನೋಡಲು ಹೋಗುವವರು ಹೋಗಲಿ, ನೇತ್ರಾಣಿಯಲ್ಲಿ ಮುಳುಗುವವರು ಮುಳುಗಲಿ. ಆದರೆ ಪ್ರವಾಸ ಇಲಾಖೆಯವರು ಒಮ್ಮೆ ದಾರಿ ತಿರುಗಿಸಿ, ಮಂಗಳೂರು ಉಡುಪಿಯವರನ್ನು ಏಪ್ರಿಲ್ ಬಿಸಿಲಿನಲ್ಲಿ ಮಮದಾಪುರದ ಏರಿ ಮೇಲೆ ತಂದು ನಿಲ್ಲಿಸಬೇಕು. ‘ಇಲ್ಲಿ ನೋಡಲಿಕ್ಕೆ ಎಂತ ಉಂಟು ಮಾರಾಯ್ರೆ?’ ಎಂದು ಕೇಳಿದವರನ್ನು ಮರುದಿನವೂ ಅಲ್ಲೇ ನಿಲ್ಲಿಸುವುದು. ಕೇಳುವುದು ಬಿಟ್ಟು, ಕೊಡಪಾನ ಹೊತ್ತವರಿಗೆ ದಾರಿ ಬಿಟ್ಟುಕೊಟ್ಟವರಿಗೆ ನೀರು ನೋಡಲು ಬಂತೆಂದು ಸರ್ಟಿಫಿಕೇಟು ಬರೆದುಕೊಡಬಹುದು. ಡೈವಿಂಗ್ ಕಲಿತವರಿಗೆ ಕೊಡುವುದಿಲ್ಲವೇ?