ಸೊನ್ನೆ ಸಮ ಒಂದು

ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು ನಾನು. ಅಲ್ಲಿಂದ ಮನೆಗೆ ತಂದದ್ದು ಪಿಂಚಣಿ, ಜೊತೆಗೆ ಕೆಂಪು ಶಾಯಿಯ ಚಟ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ತಪ್ಪು ಹುಡುಕುತ್ತೇನೆ. ಈ ಚಟ ಬಿಡಿಸಲೆಂದೇ ಇರಬೇಕು, ಎಂಟನೇ ಕ್ಲಾಸಿನ ಮೊಮ್ಮಗಳು ಬೇಸಿಗೆ ರಜೆಯಲ್ಲಿ, "ಬಾ ತಾತ, ನಿನಗೆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಹೇಳಿಕೊಡ್ತೀನಿ" ಎಂದು ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು.

ಮೊದಲ ಸಾಲು, ಎಕ್ಸ್ = 5. ಸರಿ, ತಕರಾರಿಲ್ಲ. ಎರಡನೆಯ ಸಾಲು, ಎಕ್ಸ್ = ಎಕ್ಸ್ + 1. ನನ್ನ ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ನಿಗೆ ಹೋಯಿತು.

"ಎರಡೂ ಕಡೆಯಿಂದ ಎಕ್ಸ್ ಕಳಿ. ಏನುಳೀತು?"

"ಸೊನ್ನೆ ಸಮ ಒಂದು."

"ಹಂಗಂದ್ರೆ ನೀನೂ ಒಂದೇ, ನಾನೂ ಒಂದೇ, ಆ ಬೆಕ್ಕೂ ಒಂದೇ. ಲೆಕ್ಕ ಅಲ್ಲ ಇದು, ಅದ್ವೈತ."

ಇಷ್ಟು ಹೇಳುವಾಗಲೇ ತೊಂಬತ್ತರ ದಶಕದ ಒಬ್ಬ ಹುಡುಗ ನೆನಪಾದ. ಸಂಜೆ ಹೊತ್ತು ಎಲ್ಲೋ ಬೇಸಿಕ್ ಎಂಬ ಇಂಥದೇ ಭಾಷೆ ಕಲಿಯಲು ಹೋಗುತ್ತಿದ್ದವನು ಇದೇ ಸಾಲನ್ನು ಪರೀಕ್ಷೆಯ ಉತ್ತರಪತ್ರಿಕೆಯ ಅಂಚಿನಲ್ಲಿ ಗೀಚಿದ್ದ. ನಾನು ಸುತ್ತಿ, ಒಂದು ಅಂಕ ಕಳೆದು, ಇಡೀ ತರಗತಿಗೆ ಓದಿ ಹೇಳಿದ್ದೆ. ಎಲ್ಲರೂ ನಕ್ಕಿದ್ದರು. ಅವನು ಮಾತ್ರ "ಕಂಪ್ಯೂಟರ್‌ಗೆ ಅರ್ಥ ಆಗತ್ತೆ ಸಾರ್" ಎಂದು ಸಣ್ಣ ದನಿಯಲ್ಲಿ ಹೇಳಿ ಕೂತಿದ್ದ.

ನನ್ನ ಸಿಟ್ಟಿಗೆ ಕಾರಣವಿತ್ತು. '=' ಎಂಬುದು ನಮ್ಮ ಕುಲದೇವರು. 1557ರಲ್ಲಿ ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಎಂಬ ವೈದ್ಯ, ಗಣಿತದ ಪುಸ್ತಕ ಬರೆಯುತ್ತ, 'ಇದು ಅದಕ್ಕೆ ಸಮ' ಎಂದು ಮತ್ತೆ ಮತ್ತೆ ಬರೆದು ಬೇಸತ್ತು, ಒಂದೇ ಉದ್ದದ ಎರಡು ಸಮಾನಾಂತರ ಗೆರೆ ಎಳೆದ. ಇವೆರಡಕ್ಕಿಂತ ಸಮವಾದ ಜೋಡಿ ಇನ್ನೆಲ್ಲಿದೆ ಎಂಬುದು ಅವನ ವಾದ. ಮರುವರ್ಷವೇ ಪಾಪ, ಸೆರೆಮನೆಯಲ್ಲಿ ತೀರಿಕೊಂಡ. ಗೆರೆ ಎಳೆದು ಸರಿಯಾಗಿ ನಾನೂರು ವರ್ಷ ಕಳೆದ ಮೇಲೆ, 1957ರಲ್ಲಿ, ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಭಾಷೆ ತಂದಿತು. ಅದರಲ್ಲಿ ಇದೇ ಎರಡು ಗೆರೆಗೆ ಬೇರೆಯೇ ಕೆಲಸ ಹಚ್ಚಿದರು. ಆಲ್ಗಾಲ್ ಮತ್ತು ಪಾಸ್ಕಲ್ ಭಾಷೆಗಳನ್ನು ಕಟ್ಟಿದವರಿಗೆ ಸ್ವಲ್ಪ ದೇವರ ಭಯವಿತ್ತು. ಹಿಂದೆ ಒಂದು ಜೋಡಿ ಚುಕ್ಕಿ ಸೇರಿಸಿ ':=' ಎಂದು ಬರೆದರು. ಸಿ, ಪೈಥಾನ್‌ನವರಿಗೆ ಆ ಭಯವೂ ಇಲ್ಲ.

ಅಡುಗೆಮನೆಯಿಂದ ನನ್ನಾಕೆ ಕೇಳಿಸಿಕೊಳ್ಳುತ್ತಿದ್ದಳು. "ಅಷ್ಟೂ ಗೊತ್ತಾಗಲ್ವೇನ್ರೀ? ಡಬ್ಬಿಗೆ ಬೇಳೆ ಹಾಕೋದು!"

ನಾನು ಬಾಯಿ ಮುಚ್ಚಿದೆ. ಮೊಮ್ಮಗಳು ಕುಣಿದಳು. ಎಕ್ಸ್ ಎಂಬುದು ಡಬ್ಬಿ. ಬಲಗಡೆ ಇರುವುದು ಒಳಗೆ ಹಾಕುವ ಸಾಮಾನು. ಎಕ್ಸ್ = ಎಕ್ಸ್ + 1 ಎಂದರೆ, ಡಬ್ಬಿಯಲ್ಲಿ ಇರುವುದಕ್ಕೆ ಇನ್ನೊಂದು ಪಾವು ಕೂಡಿಸಿ, ಬಂದದ್ದನ್ನು ಅದೇ ಡಬ್ಬಿಗೆ ಸುರಿ. ಯೋಚಿಸಿದಷ್ಟೂ ಇದು ನಮ್ಮ ಭಾಷೆಗೇ ಹೊಲಿದ ಅಂಗಿಯಂತೆ ಕಂಡಿತು. ಇಂಗ್ಲಿಷಿನವರು ಬೇಳೆಯನ್ನು ಮೊದಲು ಹೇಳಿ ಡಬ್ಬಿಯನ್ನು ಆಮೇಲೆ ಹೇಳುತ್ತಾರೆ. ನಾವು 'ಡಬ್ಬಿಗೆ ಬೇಳೆ' ಎನ್ನುತ್ತೇವೆ. ಡಬ್ಬಿ ಎಡಗಡೆ, ಬೇಳೆ ಬಲಗಡೆ. ಆ ಎರಡು ಗೆರೆಯನ್ನು 'ಸಮ' ಎನ್ನದೆ ಚತುರ್ಥಿಯ 'ಗೆ' ಎಂದು ಓದಿದರೆ ಮುಗಿಯಿತು. ವ್ಯಾಕರಣದ ಪಂಡಿತರು ಪಕ್ಕದ ಕೊಠಡಿಯಲ್ಲೇ ಪಾಠ ಮಾಡುತ್ತಿದ್ದರು. ಆ ಹುಡುಗನನ್ನು ಅವರ ಹತ್ತಿರ ಕಳಿಸಿದ್ದರೆ ಸಾಕಾಗಿತ್ತು.

"ಹಂಗಾದ್ರೆ ನಿಜವಾದ ಸಮಕ್ಕೆ ಏನು ಬರೀತೀರಿ?"

"ಎರಡು ಸಲ, ==. ಅದು ಪ್ರಶ್ನೆ ತಾತ. ಸಮವೇ ಅಂತ ಕೇಳೋದು. ಹೌದು, ಇಲ್ಲ, ಎರಡೇ ಉತ್ತರ."

ಒಂದು ಗೆರೆಜೋಡಿ ಅಪ್ಪಣೆ, ಎರಡಾದರೆ ವಿಚಾರಣೆ. ಹಳೆಯ ಸಿ ಭಾಷೆಯಲ್ಲಿ ವಿಚಾರಿಸುವ ಜಾಗದಲ್ಲಿ ಮರೆತು ಒಂದನ್ನೇ ಬರೆದರೆ, ಯಂತ್ರ ಕೇಳುವ ಬದಲು ಡಬ್ಬಿಗೆ ಸುರಿದುಬಿಡುತ್ತದೆ. 'ಕಾಫಿ ಆಗಿದೆಯಾ?' ಎಂದು ಕೇಳಬೇಕಾದವನು 'ಕಾಫಿ ಆಗಲಿ' ಎಂದಂತೆ. ಈ ತಪ್ಪಿನ ಫಲ ಏನೆಂದು ನಮ್ಮ ಮನೆಯಲ್ಲಿ ನನಗೆ ಚೆನ್ನಾಗಿ ಗೊತ್ತು.

ಭಾಗಾಕಾರಕ್ಕೆ ಬಂದಾಗ ನನ್ನಾಕೆ ಏಳು ಚಕ್ಕುಲಿ ತಂದಿಟ್ಟಳು. ಮೊಮ್ಮಕ್ಕಳು ಇಬ್ಬರು. 7 / 2 ಎಂದರೆ 3.5, ಚಕ್ಕುಲಿ ಮುರಿಯಬೇಕು. 7 // 2 ಎಂದರೆ 3, ಮುರಿಯುವಂತಿಲ್ಲ. 7 % 2 ಎಂದರೆ 1. ನಾನು ಇದನ್ನು ಶೇಕಡಾ ಎಂದುಕೊಂಡು ಬಡ್ಡಿ ಹಾಕಲು ಹೊರಟಿದ್ದೆ. ಅದು ಶೇಷ! ಮಕ್ಕಳು ಹಂಚಿಕೊಂಡು ಉಳಿದದ್ದು, ಅಂದರೆ ತಾತನ ಪಾಲು. ಸಮಸಂಖ್ಯೆಯೋ ಬೆಸಸಂಖ್ಯೆಯೋ, ಅಧಿಕ ವರ್ಷವೋ ಅಲ್ಲವೋ, ಎಲ್ಲವನ್ನೂ ಈ ಶೇಷವೇ ಹೇಳುತ್ತದಂತೆ. ನಿವೃತ್ತರಿಗೆ ಇಷ್ಟು ಮರ್ಯಾದೆ ಇನ್ನೆಲ್ಲೂ ಸಿಕ್ಕಿಲ್ಲ.

ಹುರುಪಿನಲ್ಲಿ ಮನೆಖರ್ಚಿನ ಪ್ರೋಗ್ರಾಮು ನಾನೇ ಬರೆದೆ. ಪೈಥಾನ್ 3ರಲ್ಲಿ ಡಬ್ಬಿಯ ಹೆಸರನ್ನು ಕನ್ನಡದಲ್ಲೇ ಇಡಬಹುದು. 'ಹಾಲು' ಎಂಬ ಡಬ್ಬಿಗೆ 52, 'ಸೊಪ್ಪು' ಎಂಬ ಡಬ್ಬಿಗೆ 40 ಎಂದು, ಪ್ರೋಗ್ರಾಮು ಕೇಳಿದಂತೆ, ಕೀಲಿಮಣೆಯಲ್ಲಿ ಒತ್ತಿದೆ. ಹಾಲು + ಸೊಪ್ಪು ಎಂದೆ. ಬಂದ ಮೊತ್ತ 5240.

"ರೀ, ಐದು ಸಾವಿರ ಚಿಲ್ಲರೆಗೆ ಯಾವ ಸೊಪ್ಪು ತಂದ್ರಿ?"

ಕೀಲಿಮಣೆಯಿಂದ ಕೇಳಿ ಪಡೆದದ್ದೆಲ್ಲ ಪೈಥಾನಿಗೆ ಬರೀ ಅಕ್ಷರ. ಅಕ್ಷರಗಳ ನಡುವೆ '+' ಹಾಕಿದರೆ ಅದು ಕೂಡಿಸುವುದಿಲ್ಲ, ಒಂದರ ಪಕ್ಕ ಒಂದನ್ನು ಅಂಟಿಸುತ್ತದೆ. ಇಂಟ್ ಎಂಬ ಜರಡಿ ಹಿಡಿದರೆ ಅಕ್ಷರ ಅಂಕಿಯಾಗುತ್ತದೆ. ಆ ಜರಡಿಗೆ '೫೨' ಎಂದು ಕನ್ನಡದ ಅಂಕಿ ಕೊಟ್ಟು ನೋಡಿದೆ. ತಕರಾರಿಲ್ಲದೆ 52 ಎಂದಿತು. ಈಗಿನ ಎಷ್ಟೋ ಮಕ್ಕಳಿಗಿಂತ ವಾಸಿ.

ಬೀಜಗಣಿತದ ಪರೀಕ್ಷೆಯಲ್ಲಿ ಯಾರಾದರೂ ಎಕ್ಸ್ = ಎಕ್ಸ್ + 1 ಬರೆದರೆ ಈಗಲೂ ನಾನು ಸುತ್ತುತ್ತೇನೆ. ಆದರೆ ಅಂಚಿನಲ್ಲಿ ಬರೆದದ್ದು ಬೀಜಗಣಿತವಲ್ಲ, ಇನ್ನೊಂದು ಭಾಷೆ. ಗೊತ್ತಿಲ್ಲದ ಭಾಷೆಯ ಕಾಗುಣಿತ ತಿದ್ದಿದ್ದು ನನ್ನ ತಪ್ಪು. ಅಂದಿನ ಆ ಹುಡುಗ ಇದನ್ನು ಓದುತ್ತಿದ್ದರೆ, ಆ ಉತ್ತರಪತ್ರಿಕೆ ಇನ್ನೂ ಇಟ್ಟುಕೊಂಡಿದ್ದರೆ, ದಯವಿಟ್ಟು ಮನೆಗೆ ಬಾರಪ್ಪ. ಕೆಂಪು ಶಾಯಿಯಲ್ಲೇ ಬರೆದುಕೊಡುತ್ತೇನೆ: ಅಂಕ = ಅಂಕ + 1.