ಹದಿನಾರು ಕೋರ್ ಬೇಕು, ಯಾಕೆ ಅಂತ ಕೇಳ್ಬೇಡಿ

ನಿಜ ಹೇಳಿ, ನಾನು ಯಾರಿಗೂ ಹೇಳಲ್ಲ. ಹೊಸ ಕಂಪ್ಯೂಟರು ಏನಕ್ಕೆ? ವಿಡಿಯೋ ಎಡಿಟಿಂಗ್ ಅಂದ್ರಾ? ಸರಿ. ಕೊನೇ ಸಲ ಎಡಿಟ್ ಮಾಡಿದ್ದು ಯಾವ ವಿಡಿಯೋ? ಅಕ್ಕನ ಮಗನ ನಾಮಕರಣದ್ದು ತಾನೆ? (ಆ ಮಗು ಈಗ ಬೆನ್ನಿಗೆ ಬ್ಯಾಗು ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದೆ. ಎಡಿಟಿಂಗ್ ಇನ್ನೂ ‘ಫೈನಲ್ ಸ್ಟೇಜಲ್ಲಿ’ ಇದೆ.)

ಬೈತಿಲ್ಲ ಕಣ್ರೀ. ಪ್ರೊಸೆಸರ್ ಆರಿಸೋಕೆ ಕೂತಾಗ ನಾವ್ಯಾರೂ ನಮಗೋಸ್ಕರ ಆರಿಸಲ್ಲ. ಮುಂದಿನ ತಿಂಗಳಿಂದ ಬೆಳಗ್ಗೆ ಐದಕ್ಕೆದ್ದು ಬ್ಲೆಂಡರ್ ಕಲಿಯೋ, ಯೂಟ್ಯೂಬ್ ಚಾನೆಲ್ ಶುರು ಮಾಡೋ, ಮನೇಲೇ ಎಐ ಮಾಡೆಲ್ ಓಡಿಸೋ ಮಹಾನುಭಾವರು ಒಬ್ರಿದಾರಲ್ಲ, ಅವರಿಗೆ ಆರಿಸ್ತೀವಿ. ಅವರ ಹೆಸರೂ ನಿಮ್ಮದೇ, ಆಧಾರ್ ನಂಬರೂ ನಿಮ್ಮದೇ. ದುಡ್ಡು ಮಾತ್ರ ಅವರು ಕೊಡಲ್ಲ.

ಗೇಮಿಂಗ್‌ಗೆ ಅಂತ ಒಪ್ಕೊಂಡ್ಬಿಟ್ರೆ ಕೆಲಸ ಬಲು ಸುಲಭ. ಆದ್ರೆ ನೀವು ಒಪ್ಪಲ್ಲ. ತಲೇಲಿ ನಾಲ್ಕು ಬಿಳಿ ಕೂದಲು ಬಂದ್ಮೇಲೆ ಗೇಮ್ ಆಡ್ತೀನಿ ಅಂತ ಬಾಯಿಬಿಟ್ಟು ಹೇಳೋದು ಹೆಂಗೆ, ಅಲ್ವಾ? ಒಪ್ಪಿದ್ರೆ ನನ್ನ ಉತ್ತರ ಒಂದೇ ಸಾಲು: 2024ರ ನವೆಂಬರ್‌ನಲ್ಲಿ ಬಂದ ರೈಜನ್ 7 9800ಎಕ್ಸ್3ಡಿ. ಕೈ ಸ್ವಲ್ಪ ಬಿಗಿ ಇದ್ರೆ ಅದರಣ್ಣ 7800ಎಕ್ಸ್3ಡಿ. ಮುಗೀತು, ಊಟ ಮಾಡಿ ಮಲಕ್ಕೊಳ್ಳಿ.

ಬರೀ ಎಂಟು ಕೋರಾ ಅಂತ ಮೂಗು ಮುರಿದ್ರಿ, ನೋಡ್ದೆ. ಅದರ ಕಸುವೆಲ್ಲ ಇರೋದು 96 ಎಂಬಿ ಎಲ್3 ಕ್ಯಾಶ್‌ನಲ್ಲಿ. ಗೇಮು ಪ್ರತಿ ಫ್ರೇಮಿಗೂ ಚೂರುಪಾರು ಡೇಟಾ ಎಲ್ಲೆಲ್ಲಿಂದಲೋ ಕೇಳ್ತಾನೇ ಇರುತ್ತೆ. ಒಂದೊಂದಕ್ಕೂ ರ‍್ಯಾಮಿನ ತನಕ ಹೋಗಿ ತರೋಷ್ಟರಲ್ಲಿ ಕೋರು ಕೈಕಟ್ಟಿ ಕೂತಿರುತ್ತೆ. ಬೇಕಾದ್ದು ಪಕ್ಕದಲ್ಲೇ ಸಿಕ್ಕಿದ್ರೆ ಆ ಓಡಾಟ ತಪ್ಪುತ್ತೆ, ಅಷ್ಟೇ.

7800ರಲ್ಲಿ ಹೆಚ್ಚುವರಿ 64 ಎಂಬಿ ಕ್ಯಾಶ್ ತುಣುಕನ್ನ ಕೋರ್‌ಗಳ ತಲೆ ಮೇಲೆ ಕೂರಿಸಿದ್ರು. ಬಿಸಿ ಹೊರಗೆ ಹೋಗೋಕೆ ಅದೇ ಅಡ್ಡ ಬಂತು. 9800ರಲ್ಲಿ ಅದನ್ನ ಕೆಳಗೆ ತಳ್ಳಿದ್ರು. ಕೋರು ಮೇಲೆ ಬಂತು, ಕೂಲರ್‌ಗೆ ಹತ್ರ ಆಯ್ತು, ಸ್ಪೀಡು ಏರಿಸೋಕೆ ಧೈರ್ಯ ಬಂತು. (ಈ ಪ್ಯಾರಾನ ಆಫೀಸಿನ ಕ್ಯಾಂಟೀನಲ್ಲಿ ನಿಮ್ಮದೇ ಮಾತು ಅನ್ನೋ ಥರ ಹೇಳ್ತೀರಿ. ಹೇಳಿ, ನನ್ನದೇನೂ ಅಭ್ಯಂತರ ಇಲ್ಲ.)

ಈಗ ನಿಮ್ಮ ಇನ್ನೊಂದು ಗುಟ್ಟು. ರಾತ್ರಿ ಹನ್ನೊಂದಾದ್ಮೇಲೆ ಹೊದಿಕೆ ಒಳಗೆ ಫೋನ್ ಇಟ್ಕೊಂಡು ರಿವ್ಯೂಗಳ ಬಾರ್ ಚಾರ್ಟ್ ನೋಡ್ತೀರಿ. ಯಾವ ಪಟ್ಟಿ ಉದ್ದ ಇದ್ಯೋ ಅದೇ ಬೇಕು ಅನ್ಸುತ್ತೆ. ಆ ಪರೀಕ್ಷೆ ಹೆಂಗೆ ಮಾಡ್ತಾರೆ ಗೊತ್ತಾ? ಇರೋದರಲ್ಲೇ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, ರೆಸಲ್ಯೂಶನ್ ಬೇಕೂಂತ್ಲೇ 1080ಪಿಗೆ ಇಳಿಸ್ತಾರೆ. ಆಗಲೇ ಪ್ರೊಸೆಸರ್ ಪ್ರೊಸೆಸರ್ ನಡುವಿನ ವ್ಯತ್ಯಾಸ ಎದ್ದು ಕಾಣೋದು.

ಅದೇ 4ಕೆಗೆ ಏರಿಸಿದ್ರೆ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಬಿದ್ದು, ಹೆಚ್ಚಿನ ಗೇಮುಗಳಲ್ಲಿ ಪಟ್ಟಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಉದ್ದ. ನಿಮ್ಮ ಮನೇಲಿರೋ ಮಾನಿಟರ್ ಯಾವುದು? 4ಕೆ, 60 ಹರ್ಟ್ಸ್. ಒಳಗೆ ಇನ್ನೂರು ಫ್ರೇಮ್ ತಯಾರಾದ್ರೂ ಸೆಕೆಂಡಿಗೆ ಅದು ಬದಲಾಯಿಸೋ ಚಿತ್ರ 60. ಇದು ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಚಾರ್ಟ್ ನೋಡ್ತೀರಿ, ಯಾಕಂದ್ರೆ ಚೆನ್ನಾಗಿರುತ್ತೆ.

ಇಷ್ಟೆಲ್ಲ ಹೇಳಿದ್ರೂ ಹದಿನಾರೇ ಬೇಕಾ? ರೈಜನ್ 9 9950ಎಕ್ಸ್ ಇದೆ, 16 ಕೋರ್, 32 ಥ್ರೆಡ್. ದಿನಾ ರೆಂಡರ್ ಹಾಕೋರು, ದೊಡ್ಡ ಕೋಡ್ ಕಂಪೈಲ್ ಮಾಡೋರು ತಗೊಂಡ್ರೆ ದುಡ್ಡಿಗೆ ಮೋಸ ಇಲ್ಲ. ಅದೂ ಬೇಕು ಇದೂ ಬೇಕು ಅನ್ನೋರಿಗೆ 9950ಎಕ್ಸ್3ಡಿ. ಅದರಲ್ಲಿ ಎಂಟೆಂಟು ಕೋರಿನ ಎರಡು ಗುಂಪು, ಹೆಚ್ಚುವರಿ ಕ್ಯಾಶ್ ಇರೋದು ಒಂದೇ ಗುಂಪಿಗೆ. ಓಡ್ತಿರೋದು ಗೇಮು ಅಂತ ಗುರುತಿಸಿ ಆ ಗುಂಪಿಗೆ ಕಳಿಸೋಕೆ ವಿಂಡೋಸ್ ನೆಚ್ಚಿಕೊಳ್ಳೋದು ಗೇಮ್ ಬಾರನ್ನ. ಹೌದು, ದಂಡದ್ದು ಅಂತ ನೀವು ಮೊದಲ ದಿನಾನೇ ಕಿತ್ತು ಬಿಸಾಡ್ತೀರಲ್ಲ, ಅದೇ.

ಇನ್ನು ಪಕ್ಷದ ವಿಚಾರ. ನೀವು ಇಂಟೆಲ್ಲೋ, ಎಎಂಡಿಯೋ? ಕೆಲವರು ಇನ್ನೂ ಟಿವೀಲಿ ಬರ್ತಿದ್ದ ಆ ಪುಟ್ಟ ಟ್ಯೂನಿಗೆ ಸೋತು ಇಂಟೆಲ್ಲೇ ಅಂತಾರೆ. ಕೋರ್ ಅಲ್ಟ್ರಾ 9 285ಕೆ ಚೆನ್ನಾಗೇ ಇದೆ: 8 ದೊಡ್ಡ ಕೋರು, 16 ಮಿತವ್ಯಯದ ಕೋರು, ರೆಂಡರಿಂಗ್‌ನಲ್ಲಿ ಗಟ್ಟಿ ಆಸಾಮಿ. ಆದ್ರೆ ಬಂದ ಹೊಸತರಲ್ಲಿ ಎಷ್ಟೋ ಗೇಮುಗಳಲ್ಲಿ ತನ್ನ ಹಿಂದಿನ ತಲೆಮಾರಿನ 14900ಕೆಗೇ ಸೋತು ಎಲ್ಲರ ಕೈಲೂ ಮಾತು ಕೇಳ್ತು.

ನಿಮ್ಮ ವಾಟ್ಸಾಪ್ ಗ್ರೂಪಲ್ಲಿ ಈ ವಿಷಯಕ್ಕೆ ಮಾತು ಬಿಟ್ಟೋರೂ ಇದಾರೆ ತಾನೆ? ಅವರಿಗೊಂದು ಸುದ್ದಿ ಮುಟ್ಟಿಸಿ. ರೈಜನ್ 9000ದ ಕೋರುಗಳನ್ನ ಮಾಡೋದು ತೈವಾನಿನ ಟಿಎಸ್‌ಎಂಸಿ. 285ಕೆಯ ಕೋರುಗಳನ್ನ ಮಾಡೋದೂ ತೈವಾನಿನ ಟಿಎಸ್‌ಎಂಸಿ! (ಇನ್ನು ಎಎಂಡಿಯ ಅತಿ ದೊಡ್ಡ ಡಿಸೈನ್ ಸೆಂಟರ್ ಇರೋದು ನಮ್ಮ ಬೆಂಗಳೂರಲ್ಲೇ, 2023ರ ನವೆಂಬರ್‌ನಲ್ಲಿ ಶುರುವಾಗಿದ್ದು. ಸಿಗ್ನಲಲ್ಲಿ ನಿಮ್ಮ ಹಿಂದೆ ನಿಂತು ಹಾರ್ನ್ ಬಜಾಯಿಸ್ತಿರೋರು ಅಲ್ಲಿಯವರೇ ಇರಬಹುದು. ಬೈಯೋ ಮುಂಚೆ ಡಿಸ್ಕೌಂಟ್ ಕೇಳಿ ನೋಡಿ.)

‘ಸೆಕೆಂಡ್ ಹ್ಯಾಂಡ್ 14900ಕೆ ಅರ್ಧ ರೇಟಿಗೆ ಸಿಗ್ತಿದೆ’ ಅಂತ ಕಣ್ಣರಳಿಸೋರಿಗೆ ಒಂದು ಮಾತು. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಮೇಲ್ದರ್ಜೆಯವು ಸುಮ್ಸುಮ್ನೆ ಕ್ರ್ಯಾಶ್ ಆಗ್ತಿದ್ವು. ವೋಲ್ಟೇಜ್ ಜಾಸ್ತಿ ಹೋಗ್ತಿತ್ತು ಅಂತ 2024ರಲ್ಲಿ ಇಂಟೆಲ್ಲೇ ಒಪ್ಪಿ, ಅಪ್‌ಡೇಟ್ ಕೊಟ್ಟು, ವಾರಂಟಿನ ಎರಡು ವರ್ಷ ಹೆಚ್ಚಿಸ್ತು. ಅಪ್‌ಡೇಟು ಇನ್ಮುಂದೆ ಹಾಳಾಗೋದನ್ನ ತಡೆಯುತ್ತೆ. ಆಗಲೇ ಹಾಳಾಗಿರೋದಕ್ಕೆ ಮದ್ದಿಲ್ಲ. ಮಾರೋರು ಯಾಕೆ ಮಾರ್ತಿದಾರೆ ಅಂತ ಒಂದು ಸಲ ಕೇಳ್ಬಾರದಾ?

ಇಲ್ಲಿಂದ ಮುಂದೆ ನಿಮ್ಮ ಪರಮಪ್ರಿಯ ಮಂತ್ರ ಬರುತ್ತೆ: ‘ಫ್ಯೂಚರ್ ಪ್ರೂಫ್’. ಅದಕ್ಕೆ ಆಧಾರ ಇಲ್ಲ ಅಂತಲ್ಲ. ಎಎಂ4 ಸಾಕೆಟ್‌ಗೆ 2017ರಲ್ಲಿ ಮೊದಲ ರೈಜನ್ ಬಂದು ಕೂತ್ರೆ, 2022ರ 5800ಎಕ್ಸ್3ಡಿನೂ ಅಲ್ಲೇ ಬಂದು ಕೂತ್ಕೊಂಡ್ತು. ಎಷ್ಟೋ ಹಳೇ ಬೋರ್ಡುಗಳು ಬಯಾಸ್ ಅಪ್‌ಡೇಟ್ ಮಾಡಿಸ್ಕೊಂಡು ಅದನ್ನ ಹೊತ್ಕೊಂಡ್ವು. ಈಗಿನ ಎಎಂ5ಕ್ಕೆ 2027 ಮತ್ತು ಅದರಾಚೆಗೂ ಬೆಂಬಲ ಅಂತ ಎಎಂಡಿ ಮಾತು ಕೊಟ್ಟಿದೆ.

ಆದ್ರೆ ಮಂತ್ರ ಹೇಳೋರು ನೀವಲ್ವಾ! ಹೋದ ಸಲವೂ ‘ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸಿದ್ರಾಯ್ತು’ ಅಂತ್ಲೇ ದುಬಾರಿ ಬೋರ್ಡ್ ತಗೊಂಡಿದ್ರಿ. ಬದಲಾಯಿಸಿದ್ರಾ? ಏಳು ವರ್ಷ ಅದರಲ್ಲೇ ತಳ್ಳಿ, ಈಗ ಪ್ರೊಸೆಸರ್, ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಎಲ್ಲ ಒಟ್ಟಿಗೆ ಹೊಸದು ಹುಡುಕ್ತಿದೀರಿ. ಹಳೇದನ್ನ ತಮ್ಮನಿಗೆ ಕೊಡ್ತೀರಂತೆ. (ತಮ್ಮ ಕೇಳಿದ್ನಾ?)

ಬೋರ್ಡು ಅಂದ ತಕ್ಷಣ ಮುಖ ಅರಳ್ತು! ಪ್ರೊಸೆಸರ್ ಕೂಲರ್ ಕೆಳಗೆ ಹೋಗಿ ಕಣ್ಮರೆ ಆಗುತ್ತೆ, ಗಾಜಿನ ಬಾಗಿಲಿನಾಚೆಗೆ ಕಾಣೋದು ಬೋರ್ಡೇ. ಹಾಗಾಗಿ ಅಕ್ಷರಗಳ ಆಟ ಶುರು: ಬಿ850, ಎಕ್ಸ್870, ಎಕ್ಸ್870ಇ. ನಂಬರು ದೊಡ್ಡದಾದಷ್ಟೂ ಒಳ್ಳೇದು ಅಂತ ನಿಮ್ಮ ಲೆಕ್ಕ. ಎಕ್ಸ್870 ಅನ್ನೋದಕ್ಕೆ ಯುಎಸ್‌ಬಿ4 ಕಡ್ಡಾಯ, ಅದು ನಿಜ. ಒಳಗಿರೋ ಚಿಪ್‌ಸೆಟ್ಟು ಮಾತ್ರ ಹಿಂದಿನ ಬಿ650ಯಲ್ಲಿದ್ದದ್ದೇ. ಎಕ್ಸ್870ಇ ಅಂದ್ರೆ? ಅದೇ ಚಿಪ್ಪು, ಎರಡು.

ಆಮೇಲೆ ವಿಆರ್‌ಎಂ. ಎಸ್‌ಎಂಪಿಎಸ್‌ನಿಂದ ಬರೋ 12 ವೋಲ್ಟನ್ನ ಪ್ರೊಸೆಸರ್‌ಗೆ ಬೇಕಾದ ಒಂದು ಚಿಲ್ಲರೆ ವೋಲ್ಟಿಗೆ ಇಳಿಸೋ ಭಾಗ ಇದು. 170 ವಾಟ್ ಅಂತ ಬರೆದಿರೋ 9950ಎಕ್ಸ್ ಸಾಕೆಟ್‌ನಿಂದ ಅದಕ್ಕೂ ಜಾಸ್ತಿನೇ ಎಳೆಯುತ್ತೆ, ಅಂದ್ರೆ ನೂರೈವತ್ತು ಆಂಪಿಯರ್ ದಾಟ್ತು. ಅಲ್ಲಿ ಗಟ್ಟಿ ವಿಆರ್‌ಎಂ, ಮೇಲೊಂದು ದಪ್ಪ ಹೀಟ್‌ಸಿಂಕ್ ಬೇಕೇ ಬೇಕು. 120 ವಾಟಿನ 9800ಎಕ್ಸ್3ಡಿಗೆ ಒಂದು ಮರ್ಯಾದಸ್ಥ ಬಿ850 ಸಾಕೋ ಸಾಕು. ಬಾಕ್ಸ್ ಮೇಲೆ ‘16+2+2’ ಅಂತ ನೋಡಿ ತಲೆದೂಗಿದ್ರಲ್ಲ, ಯಾವ ಎರಡು ಯಾವುದಕ್ಕೆ ಅಂತ ಕೇಳ್ಲಾ? ಬೇಡ ಬಿಡಿ, ಮುಜುಗರ.

ಎಸ್‌ಎಸ್‌ಡಿಗೆ ಐದು ಎಂ.2 ಜಾಗ ಇದೆ ಅಂತ ಕುಣೀಬೇಡಿ, ಮದುವೆ ಛತ್ರದ ರೂಮಿನ ಕಥೆ ಇದು. ಬುಕ್ ಮಾಡೋವಾಗ ಇಪ್ಪತ್ತು ರೂಮು ಅಂತಾರೆ. ಬೀಗರು ಬಂದಿಳಿದ ಮೇಲೆ ಮಹಡಿ ರೂಮಿನ ಬೀಗ ತೆಗೆದ್ರೆ ಕೆಳಗಿನ ಹಾಲು ಅರ್ಧ ಬಿಟ್ಕೊಡಬೇಕು ಅಂತಾರೆ. ಎಎಂ5 ಪ್ರೊಸೆಸರ್‌ಗಿರೋದು 28 ಪಿಸಿಐಇ ಲೇನು. ನಾಲ್ಕು ಚಿಪ್‌ಸೆಟ್‌ಗೆ ಹೋಯ್ತು. ಗ್ರಾಫಿಕ್ಸ್ ಕಾರ್ಡ್‌ಗೆ 16, ಮೊದಲನೇ ಎಸ್‌ಎಸ್‌ಡಿಗೆ 4, ಉಳಿದ ನಾಲ್ಕನ್ನ ಎಕ್ಸ್870ರಲ್ಲಿ ಸಾಮಾನ್ಯವಾಗಿ ಯುಎಸ್‌ಬಿ4 ನುಂಗಿರುತ್ತೆ.

ಹಾಗಾಗಿ ಕೆಲವು ಬೋರ್ಡಲ್ಲಿ ಎರಡನೇ ಜೆನ್5 ಎಸ್‌ಎಸ್‌ಡಿ ಹಾಕಿದ ಕೂಡ್ಲೇ ಗ್ರಾಫಿಕ್ಸ್ ಕಾರ್ಡಿನ ಹದಿನಾರು ಎಂಟಾಗುತ್ತೆ. ಆಟದಲ್ಲಿ ವ್ಯತ್ಯಾಸ ಕಾಣೋದು ಅಲ್ಪಸ್ವಲ್ಪ. ಆದ್ರೆ ಸ್ಕ್ರೀನ್ ಮೇಲೆ ‘ಎಕ್ಸ್8’ ಅಂತ ನೋಡಿದ ರಾತ್ರಿ ನಿಮಗೆ ನಿದ್ದೆ ಬರಲ್ಲ, ನನಗೊತ್ತು. ಮ್ಯಾನ್ಯುಯಲ್ಲಿನಲ್ಲಿ ಲೇನ್ ಹಂಚಿಕೆಯ ಟೇಬಲ್ ಇರುತ್ತೆ. ಕೊಳ್ಳೋಕೆ ಮುಂಚೆ ಅದನ್ನ ಡೌನ್‌ಲೋಡ್ ಮಾಡಿ ಓದಿ. (ಓದಲ್ಲ. ಆದ್ರೂ ಹೇಳಿದೀನಿ.)

ನಾಲ್ಕು ರ‍್ಯಾಮ್ ಸ್ಲಾಟಲ್ಲಿ ಎರಡು ಖಾಲಿ ಬಿಡೋದು ನಿಮ್ಮಿಂದ ಆಗಲ್ಲ, ಅಲ್ವಾ? ಹಬ್ಬದ ದಿನ ಒಲೆ ಮೇಲೆ ಪಾತ್ರೆ ಇಲ್ಲದಂಗೆ ಮನಸ್ಸಿಗೆ ಪಿಚ್ಚೆನಿಸುತ್ತೆ. ತಡ್ಕೊಳ್ಳಿ. ರೈಜನ್ 9000ದಲ್ಲಿ ಎರಡು ಸ್ಟಿಕ್ ಹಾಕಿದ್ರೆ ಎಎಂಡಿ ಅಧಿಕೃತವಾಗಿ ಒಪ್ಪೋ ವೇಗ ಡಿಡಿಆರ್5-5600. ನಾಲ್ಕು ತುಂಬಿದ್ರೆ 3600. ದುಡ್ಡು ಡಬಲ್ ಕೊಟ್ಟು ಸ್ಪೀಡು ಇಳಿಸ್ಕೊಳ್ಳೋ ಭಾಗ್ಯ! ದೊಡ್ಡ ಸೈಜಿನ ಎರಡು ತಗೊಂಡು, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇರುತ್ತೆ, ಕೆಲವು ಸಲ ನಿಮಿಷಗಟ್ಟಲೆ. ಮೆಮೊರಿ ಟ್ರೇನಿಂಗ್ ನಡೀತಿರುತ್ತೆ ಒಳಗೆ. ಮನೆಯವರೆಲ್ಲ ಹಿಂದೆ ನಿಂತಿರ್ತಾರೆ, ನಿಮ್ಮ ಅಂಗೈ ಬೆವರ್ತಿರುತ್ತೆ. ದಯವಿಟ್ಟು ಪವರ್ ಬಟನ್ ಒತ್ತಬೇಡಿ. ಕಾಫಿ ಕುಡ್ಕೊಂಡು ಬನ್ನಿ.

ಸರಿ, ಎಸ್‌ಪಿ ರೋಡಿಗೆ ಹೋಗೋಣ. ಕೈಯಲ್ಲಿ ಪಟ್ಟಿ, ಮುಖದಲ್ಲಿ ‘ನನ್ನ ಯಾಮಾರ್ಸೋಕೆ ಆಗಲ್ಲ’ ಅನ್ನೋ ಕಳೆ. ಅಂಗಡಿ ಹುಡುಗ ಪಟ್ಟಿ ನೋಡೋದೇ ಇಲ್ಲ. ‘ಬಜೆಟ್ ಎಷ್ಟು ಸಾರ್?’ ನೀವು ಇಪ್ಪತ್ತು ಸಾವಿರ ಕಡಿಮೆ ಹೇಳ್ತೀರಿ. ನೀವು ಕಡಿಮೆ ಹೇಳಿರ್ತೀರಿ ಅಂತ ಅವನಿಗೂ ಗೊತ್ತು. ‘ಆ ಬೋರ್ಡ್ ಸ್ಟಾಕಿಲ್ಲ ಸಾರ್, ಇದು ಅದಕ್ಕಿಂತ ಸೂಪರ್’ ಅಂತ ತೋರಿಸಿದ್ದು ನಿಮ್ಮ ಪಟ್ಟೀಲಿ ಇಲ್ಲ. ಆದ್ರೆ ಬಿಳೀ ಬಣ್ಣದ್ದು. ಬಿಳೀ ಕಂಡ್ರೆ ನೀವು ಕರಗ್ತೀರಿ, ನಿಜ ತಾನೆ?

ಬಿಳೀದೇ ತಗೊಳ್ಳಿ, ಆದ್ರೆ ಎರಡು ವಿಷಯದಲ್ಲಿ ಬಗ್ಗಬೇಡಿ. ಒಂದು, ಬಿಲ್ಲು. 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತಲ್ಲ ಅಂತ ಬಿಲ್ಲಿಲ್ಲದೆ, ಇಲ್ಲಾ ಬಾಕ್ಸಿಲ್ಲದ ‘ಟ್ರೇ’ ಪೀಸ್ ತಗೊಂಡ್ರೆ, ಕೈಕೊಟ್ಟಾಗ ಕಂಪನಿ ಮುಂದೆ ತೋರಿಸೋಕೆ ಏನಿರುತ್ತೆ? ಎರಡು, ಪಿನ್ನು. ಎಎಂ5ರ 1718 ಪಿನ್ನೂ ಈಗ ಇರೋದು ಬೋರ್ಡಿನ ಸಾಕೆಟ್ಟಲ್ಲಿ, ಕೂದಲಿನಂಥವು. ಕೌಂಟರ್ ಮೇಲೇ ಮುಚ್ಚಳ ತೆಗೆಸಿ, ಟಾರ್ಚ್ ಹಾಕಿ, ಫೋಟೋ ಹೊಡ್ಕೊಳ್ಳಿ. ಮನೇಲಿ ತೆಗೆದಾಗ ಒಂದು ಬಾಗಿದ್ದು ಕಂಡ್ರೆ ‘ನೀವೇ ಬಗ್ಗಿಸಿದ್ದು’ ಅಂತಾರೆ, ಅಲ್ಲಿಗೆ ವಾರಂಟಿಗೆ ಎಳ್ಳುನೀರು.

ಅಥವಾ ಯಾವುದನ್ನೂ ತಗೊಳ್ಳದೆ ವಾಪಸ್ ಬರ್ತೀರಿ. ‘ಜನವರೀಲಿ ಸಿಇಎಸ್ ಇದೆ, ಏನಾದ್ರೂ ಹೊಸದು ಬರಬಹುದು.’ ಜನವರಿ ಕಳೀತಿದ್ದಂಗೆ ತೈಪೆಯ ಕಂಪ್ಯೂಟೆಕ್ಸ್. ಅದು ಮುಗಿದ್ರೆ ದೀಪಾವಳಿ ಆಫರ್. 2025ರಲ್ಲಿ ಹಿಂಗೇ ಕಾಯ್ತಾ ಕೂತೋರು ವರ್ಷದ ಕೊನೆಗೆ ರ‍್ಯಾಮಿನ ರೇಟು ನೋಡಿ ಎದೆ ಹಿಡ್ಕೊಂಡ್ರು. ಎಐ ಸರ್ವರ್‌ಗಳು ಎದ್ದು ಬಂದು ಮೆಮೊರಿ ಚಿಪ್ಪನ್ನೆಲ್ಲ ಬಾಚ್ಕೊಂಡು ಹೋಗ್ತಿದ್ವು. ಇರೋದನ್ನ ತಗೊಳ್ಳಿ ಸ್ವಾಮಿ.

ತಗೊಂಡ್ಮೇಲೆ ಬೋರ್ಡಿನ ಬಾಕ್ಸು, ಸಾಕೆಟ್ಟಿನ ಆ ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಎರಡನ್ನೂ ಬಿಸಾಡಬೇಡಿ. ಬೋರ್ಡನ್ನ ವಾರಂಟಿಗೆ ಕಳಿಸೋ ದಿನ ಮುಚ್ಚಳ ಇಲ್ದೆ ಕಳಿಸಿದ್ರೆ ತಕರಾರು. ಬಾಕ್ಸು ಅಟ್ಟದ ಮೇಲಿರಲಿ. ಬಿಲ್ಲನ್ನೂ ಅದರೊಳಗೇ ಹಾಕಿಡಿ. ಮನೇಲಿ ಯಾರಾದ್ರೂ ಅದೇನು ಅಂತ ಕೇಳಿದ್ರೆ ಖಾಲಿ ಡಬ್ಬ ಅನ್ನಿ.